ಅದಿರಿಗೆ ಯಾವ ಬೆಂಕಿ? ಕಾಸುವುದು, ಹುರಿಯುವುದು, ಇದ್ದಿಲಿನೊಂದಿಗೆ ಕರಗಿಸುವುದು

ಮಳೆಗಾಲ ಮುಗಿದ ಮೇಲೆ ಶಾಲೆಯ ಹಿಂಬದಿಯ ಗೋಡೆಗೆಂದು ಚಿರೆಕಲ್ಲು ತಂದು ಹಾಕಿದ್ದರು. ಹತ್ತನೆಯ ತರಗತಿಯ ಹುಡುಗನೊಬ್ಬ ಅದರಲ್ಲಿ ಒಡೆದು ಬಿದ್ದಿದ್ದ ಮುಷ್ಟಿಗಾತ್ರದ ಚೂರೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. “ಅಕ್ಕೋರೇ, ಈ ಕಲ್ಲು ಕೆಂಪಗಿರುವುದು ಕಬ್ಬಿಣದಿಂದ ಎಂದು ನೀವೇ ಹೇಳಿದ್ದಿರಿ. ಹಾಗಾದರೆ ಚೆನ್ನಾಗಿ ಸುಟ್ಟರೆ ಕಬ್ಬಿಣ ಬರಬೇಕಲ್ಲ?”

ಕುಮಟಾ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಆ ವರ್ಷ ಬಂದಿರಲಿಲ್ಲ. “ಚೆನ್ನಾಗಿ ಸುಟ್ಟರೆ” ಎಂಬ ಎರಡೇ ಪದಗಳಲ್ಲಿ ಲೋಹೋದ್ಧರಣದ, ಅಂದರೆ ಅದಿರಿನಿಂದ ಲೋಹ ತೆಗೆಯುವ ಪಾಠದ ಕಗ್ಗಂಟೆಲ್ಲ ಅಡಗಿದೆ. ಪಠ್ಯದಲ್ಲಿ ಕಾಸುವಿಕೆ, ಹುರಿಯುವಿಕೆ, ಅಪಕರ್ಷಣ (ಆಮ್ಲಜನಕವನ್ನು ಕಿತ್ತು ಲೋಹ ಬಿಡಿಸುವುದು) ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತವೆ. ಮಕ್ಕಳು ಮೂರನ್ನೂ ಬಾಯಿಪಾಠ ಮಾಡುತ್ತಾರೆ. ಒಂದು ಅದಿರನ್ನು ಕೈಗೆ ಕೊಟ್ಟು “ಇದಕ್ಕೆ ಯಾವುದು?” ಎಂದರೆ ಮಾತ್ರ ತಡವರಿಸುತ್ತಾರೆ. ಆ ಆಯ್ಕೆಯನ್ನು ಹೇಗೆ ಮಾಡಬೇಕೆಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಶಿರಸಿಯ ಕಡೆಯ ಅಡಿಕೆ ಬೆಳೆಗಾರರನ್ನು ನೋಡಿ. ಕೊನೆ ಇಳಿಸಿದಾಗ ಅವರು ಮೊದಲು ನೋಡುವುದು ಕಾಯನ್ನು. ಎಳಸಾಗಿದ್ದರೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ, ಹಣ್ಣಾಗಿದ್ದರೆ ಅಂಗಳದ ಬಿಸಿಲಿಗೆ ಹರವಿ ಚಾಲಿ ಮಾಡುತ್ತಾರೆ. ಎರಡಕ್ಕೂ ಬೇಕಾದದ್ದು ಬಿಸಿಯೇ, ಆದರೆ ಯಾವ ಬಿಸಿ ಎಂಬುದನ್ನು ತೀರ್ಮಾನಿಸುವುದು ಕಾಯಿ. ಅದಿರಿನ ಲೆಕ್ಕವೂ ಹೀಗೆಯೇ. ಕುಲುಮೆ ಎಷ್ಟು ಬಿಸಿಯಾಗಬೇಕು ಎಂದು ಕೇಳುವ ಮೊದಲು, ಲೋಹ ಯಾವುದರೊಂದಿಗೆ ಕಟ್ಟಿಕೊಂಡಿದೆ ಎಂದು ಕೇಳಬೇಕು. ಜೊತೆಗಿರುವುದು ಕಾರ್ಬೊನೇಟೋ, ನೀರೋ, ಗಂಧಕವೋ, ಬರೀ ಆಮ್ಲಜನಕವೋ? ಅದು ಲೋಹವನ್ನು ಬಿಟ್ಟು ತಾನಾಗಿ ಹೊರಡುತ್ತದೆಯೇ, ಇಲ್ಲವೇ ಯಾರಾದರೂ ಬಂದು ಕರೆದುಕೊಂಡು ಹೋಗಬೇಕೇ? ಇಷ್ಟು ತಿಳಿದರೆ ಆಯ್ಕೆ ಬಹುಪಾಲು ಮುಗಿದಂತೆ.

ತಾನಾಗಿ ಹೊರಡುವುದಿದ್ದರೆ: ಕಾಸುವುದು

ಅಘನಾಶಿನಿಯ ದಂಡೆಯಲ್ಲಿ ಚಿಪ್ಪಿನ ಸುಣ್ಣ ಸುಡುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಗೂಡಿನೊಳಗೆ ಒಂದು ಪದರ ಚಿಪ್ಪು, ಒಂದು ಪದರ ಇದ್ದಿಲು, ಮತ್ತೆ ಚಿಪ್ಪು. ಕೆಳಗಿನಿಂದ ಗಾಳಿ ಊದುತ್ತಿದ್ದರು. ಬೆಂಕಿ ಆರಿದ ಮೇಲೆ ಚಿಪ್ಪುಗಳು ಚಿಪ್ಪುಗಳಾಗಿಯೇ ಇರುತ್ತಿದ್ದವು, ಮೈಮೇಲಿನ ಗೆರೆಗಳೂ ಹಾಗೆಯೇ. ಕೈಗೆತ್ತಿಕೊಂಡರೆ ಮಾತ್ರ ಹಗುರ, ಬೆರಳಿನಿಂದ ಒತ್ತಿದರೆ ಪುಡಿ. ನೀರು ಚಿಮುಕಿಸಿದ ಕೂಡಲೇ ಬುಸ್ಸೆಂದು ಬಿಸಿಯಾಗಿ ಒಡೆದು ಬಿಳಿ ಹಿಟ್ಟಾಗುತ್ತಿತ್ತು. ಮನೆಯ ಕವಳದ ಬಟ್ಟಲಿಗೆ ಬರುತ್ತಿದ್ದದ್ದು ಅದೇ ಸುಣ್ಣ.

ಆ ಹಗುರದಲ್ಲಿಯೇ ವಿಷಯವಿದೆ. ಚಿಪ್ಪು ಎಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಆಕ್ಸೈಡ್, ಅಂದರೆ ಆಮ್ಲಜನಕದೊಂದಿಗೆ ಮಾತ್ರ ಕೂಡಿದ ಕ್ಯಾಲ್ಸಿಯಂ ಉಳಿಯುತ್ತದೆ. 100 ಗ್ರಾಂ ಶುದ್ಧ ಕಾರ್ಬೊನೇಟಿನಿಂದ ಉಳಿಯುವುದು 56 ಗ್ರಾಂ. ಯಾರೂ ಅನಿಲವನ್ನು ಎಳೆದು ತೆಗೆಯಬೇಕಾಗಿಲ್ಲ, ಬಿಸಿಯೊಂದೇ ಸಾಕು. ಕಾಸುವುದು ಎಂದರೆ ಇಷ್ಟೇ.

ತರಗತಿಯಲ್ಲಿ ಇದನ್ನು ತೋರಿಸಲು ನಾನು ತಾಮ್ರದ ಕಾರ್ಬೊನೇಟಿನ ಹಸಿರು ಪುಡಿ ಬಳಸುತ್ತೇನೆ. ಅದಕ್ಕೆ 900 ಡಿಗ್ರಿ ಬೇಡ, ಸ್ಪಿರಿಟ್ ದೀಪದ ಉರಿಯೇ ಸಾಕಾಗುತ್ತದೆ. ಪ್ರನಾಳದಲ್ಲಿ ಹಾಕಿ ಕಾಸಿದರೆ ಪುಡಿ ಮೊದಲು ಅಂಚಿನಲ್ಲಿ ಕಪ್ಪಾಗುತ್ತದೆ, ಆಮೇಲೆ ನಡುವಿನಲ್ಲಿ ನೀರು ಕುದಿಯುವಂತೆ ಕೊತಕೊತ ಏಳುತ್ತದೆ. ಹೊರಟ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ಅದು ಹಾಲಿನಂತೆ ಆಗುತ್ತದೆ. ಪ್ರನಾಳದ ಬಾಯಿಯ ಹತ್ತಿರ ತಣ್ಣನೆಯ ಗಾಜಿನ ಮೇಲೆ ನೀರಿನ ಹನಿಗಳೂ ಕೂರುತ್ತವೆ, ಏಕೆಂದರೆ ಈ ಪುಡಿಯಲ್ಲಿ ಹೈಡ್ರಾಕ್ಸೈಡ್ ಕೂಡ ಸೇರಿರುತ್ತದೆ. 10 ಗ್ರಾಂ ಹಾಕಿದರೆ ಕೊನೆಗೆ ಸುಮಾರು 7.2 ಗ್ರಾಂ ಕಪ್ಪು ಆಕ್ಸೈಡ್ ಉಳಿಯಬೇಕು. ನಮ್ಮ ತಕ್ಕಡಿಯಲ್ಲಿ 7.4 ಬಂದಿತ್ತು. ಪೂರ್ತಿ ಕಾಸಿರಲಿಲ್ಲ ಎಂದು ಮಕ್ಕಳೇ ಕಂಡುಹಿಡಿದು ಮತ್ತೆ ದೀಪ ಹಚ್ಚಿದರು.

ಇಲ್ಲಿ ಪಠ್ಯದ ಒಂದು ಮಾತನ್ನು ತಿದ್ದಿಕೊಳ್ಳುವುದು ಒಳ್ಳೆಯದು. “ಗಾಳಿಯಿಲ್ಲದೆ ಅಥವಾ ಮಿತವಾದ ಗಾಳಿಯಲ್ಲಿ ಕಾಸುವುದು” ಎಂಬ ವ್ಯಾಖ್ಯೆ ಓದಿದ ಮಕ್ಕಳು, ಮುಚ್ಚಳ ಬಿಗಿದು ಕಾಸಬೇಕು ಎಂದುಕೊಳ್ಳುತ್ತಾರೆ. ಅದು ತಪ್ಪು. ಸುಣ್ಣದ ಗೂಡಿಗೆ ಗಾಳಿ ಊದುತ್ತಿದ್ದದ್ದು ಇದ್ದಿಲು ಉರಿಯಲೆಂದು. ಚಿಪ್ಪಿಗೆ ಆ ಗಾಳಿಯ ಅಗತ್ಯವಿರಲಿಲ್ಲ. ಅದೇ ಹೊತ್ತಿಗೆ ಹೊರಟ ಅನಿಲ ಹೊರಗೆ ಹೋಗಲು ದಾರಿಯೂ ಬೇಕು. ಕಾರ್ಬನ್ ಡೈಆಕ್ಸೈಡ್ ಒಳಗೇ ತುಂಬಿಕೊಂಡರೆ ಕ್ರಿಯೆ ನಿಂತುಬಿಡುತ್ತದೆ, ತಣಿಯುವಾಗ ಹಿಂದಕ್ಕೂ ತಿರುಗುತ್ತದೆ. ಅದಿರು ಗಾಳಿಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದೇ ಕಾಸುವಿಕೆಯ ನಿಜವಾದ ಗುರುತು.

ಯಾವ ಅದಿರಿಗೆ ಇದನ್ನು ಆರಿಸಬೇಕು? ಕಾರ್ಬೊನೇಟ್ ಅದಿರುಗಳಿಗೆ ಮತ್ತು ನೀರು ಕಟ್ಟಿಕೊಂಡ ಆಕ್ಸೈಡುಗಳಿಗೆ. ಸತುವಿನ ಕಾರ್ಬೊನೇಟ್ ಅದಿರಾದ ಕ್ಯಾಲಮೈನ್ ಸುಮಾರು 300 ಡಿಗ್ರಿಯಲ್ಲಿಯೇ ಅನಿಲ ಬಿಡುತ್ತದೆ. ನೀರು ಕಟ್ಟಿಕೊಂಡ ಹಳದಿ ಕಬ್ಬಿಣದ ಖನಿಜ ಗೋಥೈಟ್ ತನ್ನ ತೂಕದ ಹತ್ತನೆಯ ಒಂದು ಭಾಗದಷ್ಟು ನೀರು ಕಳೆದುಕೊಂಡು ಕೆಂಪು ಹೆಮಟೈಟ್ ಆಗುತ್ತದೆ. ಹಂಚಿನ ಮಣ್ಣು ಹಸಿಯಾಗಿದ್ದಾಗ ಮಾಸಲು ಹಳದಿ, ಭಟ್ಟಿಯಿಂದ ಬಂದಾಗ ಕೆಂಪು. ನಮ್ಮ ಮನೆಗಳ ಮಾಡಿನ ಮೇಲೆ ಸಾಲಾಗಿ ಕೂತಿರುವುದು ಈ ಕ್ರಿಯೆಯೇ.

ಕಾಸಿದ್ದರಿಂದ ಸಿಗುವ ಲಾಭ ತೂಕ ಇಳಿಯುವುದಷ್ಟೇ ಅಲ್ಲ. ಅನಿಲ ಹೊರಟ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಮುಂದಿನ ಕುಲುಮೆಯಲ್ಲಿ ಬಿಸಿ ಅನಿಲ ಆ ರಂಧ್ರಗಳ ಮೂಲಕ ಒಳಗೆ ನುಗ್ಗಿ ಕೆಲಸ ಮಾಡುತ್ತದೆ. ಒಂದು ಮಿತಿ ಮಾತ್ರ ನೆನಪಿರಲಿ: ಕಾಸಿದರೆ ಸಿಗುವುದು ಲೋಹದ ಆಕ್ಸೈಡ್. ಲೋಹ ಸಿಗಲು ಇನ್ನೊಂದು ಹೆಜ್ಜೆ ಬೇಕು.

ಗಂಧಕ ಅಂಟಿಕೊಂಡಿದ್ದರೆ: ಹುರಿಯುವುದು

ಗಂಧಕ ತಾನಾಗಿ ಹೊರಡುವ ಪೈಕಿಯಲ್ಲ. ಸತುವು ಗಂಧಕದೊಂದಿಗೆ ಕೂಡಿದ ಅದಿರಾದ ಜಿಂಕ್ ಬ್ಲೆಂಡನ್ನು ಗಾಳಿಯಿಲ್ಲದೆ ಎಷ್ಟು ಹೊತ್ತು ಕಾಸಿದರೂ ಅದು ಸತುವಿನ ಸಲ್ಫೈಡ್ ಆಗಿಯೇ ಉಳಿಯುತ್ತದೆ. ನೇರವಾಗಿ ಇದ್ದಿಲು ಬೆರೆಸಿ ಕಾಸಿದರೂ ಉಪಯೋಗವಿಲ್ಲ, ಇದ್ದಿಲಿನ ಇಂಗಾಲಕ್ಕೆ ಆಮ್ಲಜನಕದ ಮೇಲಿರುವ ಸೆಳೆತ ಗಂಧಕದ ಮೇಲಿಲ್ಲ. ಆದ್ದರಿಂದ ಮೊದಲು ಧಾರಾಳವಾಗಿ ಗಾಳಿ ಕೊಟ್ಟು ಹುರಿಯಬೇಕು. ಗಾಳಿಯ ಆಮ್ಲಜನಕ ಗಂಧಕವನ್ನು ಸಲ್ಫರ್ ಡೈಆಕ್ಸೈಡ್ ಆಗಿ ಒಯ್ಯುತ್ತದೆ, ಗಂಧಕವಿದ್ದ ಜಾಗದಲ್ಲಿ ಆಮ್ಲಜನಕ ಬಂದು ಕೂರುತ್ತದೆ. ಇಂಗಾಲದಿಂದ ಬಿಡಿಸಲಾಗದ ಗಂಟನ್ನು ಬಿಡಿಸಬಹುದಾದ ಗಂಟಾಗಿ ಮಾಡಿಕೊಳ್ಳುವ ಉಪಾಯವಿದು.

ನಮ್ಮ ಕಡೆ ಗೇರುಬೀಜ ಸುಟ್ಟವರಿಗೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ. ಸಿಪ್ಪೆಯ ಎಣ್ಣೆ ಹೊತ್ತಿಕೊಂಡ ಮೇಲೆ ಒಲೆಗೆ ಸೌದೆಯೇ ಬೇಡ, ಬೀಜ ತಾನೇ ಉರಿಯುತ್ತದೆ. ಹೊಗೆಗೆ ಮಾತ್ರ ಕಣ್ಣು ಬಿಡಲಾಗುವುದಿಲ್ಲ. ಸಲ್ಫೈಡ್ ಅದಿರೂ ಹಾಗೆಯೇ. ಗಂಧಕ ಉರಿಯುವಾಗ ಹುಟ್ಟುವ ಶಾಖದಿಂದಲೇ ಹುರಿಯುವ ಕುಲುಮೆ ನಡೆಯುತ್ತದೆ, ಒಮ್ಮೆ ಹೊತ್ತಿದ ಮೇಲೆ ಬೇರೆ ಇಂಧನ ಬಹಳ ಬೇಕಾಗುವುದಿಲ್ಲ. ಕಾಸುವಿಕೆಯಲ್ಲಿ ಶಾಖವನ್ನು ನಾವು ಕೊಡುತ್ತಲೇ ಇರಬೇಕು. ಖರ್ಚಿನ ದೃಷ್ಟಿಯಿಂದ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇದು.

ಹೊಗೆಯ ಲೆಕ್ಕ ಇನ್ನೂ ದೊಡ್ಡದು. ಸಲ್ಫರ್ ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟರೆ ಸುತ್ತಲಿನ ಗಿಡಮರ ಸುಟ್ಟುಹೋಗುತ್ತವೆ, ಮಳೆ ಆಮ್ಲವಾಗುತ್ತದೆ. ಹಿಡಿದರೆ ಅದರಿಂದಲೇ ಗಂಧಕಾಮ್ಲ ತಯಾರಾಗುತ್ತದೆ. ಒಂದು ಟನ್ ಶುದ್ಧ ಸತುವಿನ ಸಲ್ಫೈಡಿನಲ್ಲಿರುವ ಗಂಧಕದಿಂದ ಲೆಕ್ಕಕ್ಕೆ ಸರಿಯಾಗಿ ಸುಮಾರು ಒಂದು ಟನ್ ಗಂಧಕಾಮ್ಲ ಸಿಗುತ್ತದೆ. ಹಾಗಾಗಿ ಹುರಿಯುವ ಕುಲುಮೆಯ ಪಕ್ಕದಲ್ಲಿ ಆಮ್ಲದ ಘಟಕ ಇದೆಯೇ ಎಂದು ನೋಡದೆ ಈ ದಾರಿಯನ್ನು ಆರಿಸುವುದು ಸರಿಯಲ್ಲ. ಇದೇ ಕಾರಣಕ್ಕೆ ಶಾಲೆಯಲ್ಲಿ ಸಲ್ಫೈಡ್ ಅದಿರನ್ನು ಹುರಿದು ತೋರಿಸಲು ಹೋಗಬೇಡಿ ಎಂದು ಹೊಸ ಶಿಕ್ಷಕರಿಗೆ ನಾನು ಕೈಮುಗಿದು ಹೇಳುತ್ತೇನೆ. ಒಂದು ಚಿಟಿಕೆ ಸಾಕು, ಕೋಣೆಯ ಮಕ್ಕಳೆಲ್ಲ ಕೆಮ್ಮುತ್ತಾರೆ.

ಹುರಿಯುವುದರಲ್ಲಿಯೂ ಹದಗಳಿವೆ. ಸತುವಿನ ಅದಿರನ್ನು 900 ಡಿಗ್ರಿಯ ಮೇಲೆ ಗಂಧಕ ಪೂರ್ತಿ ಹೋಗುವವರೆಗೆ ಹುರಿದರೆ ಆಕ್ಸೈಡ್ ಸಿಗುತ್ತದೆ. ಶಾಖವನ್ನು ತಗ್ಗಿಸಿ, ಅನಿಲವನ್ನು ಹದವಾಗಿಟ್ಟರೆ ನೀರಿನಲ್ಲಿ ಕರಗುವ ಸಲ್ಫೇಟ್ ಮಾಡಿಕೊಳ್ಳಬಹುದು. ಮುಂದಿನ ಹೆಜ್ಜೆ ಇದ್ದಿಲಿನ ಕುಲುಮೆಯಾದರೆ ಆಕ್ಸೈಡ್ ಬೇಕು, ನೀರಿನಲ್ಲಿ ಕರಗಿಸಿ ತೆಗೆಯುವುದಾದರೆ ಸಲ್ಫೇಟ್ ಅನುಕೂಲ. ಅದಿರಿನಲ್ಲಿ ಕಬ್ಬಿಣವೂ ಇದ್ದು ಶಾಖ ಹೆಚ್ಚಾದರೆ ಸತುವು ಕಬ್ಬಿಣದ ಜೊತೆ ಕೂಡಿಕೊಂಡು ಜಿಂಕ್ ಫೆರೈಟ್ ಆಗುತ್ತದೆ. ತೆಳು ಆಮ್ಲಕ್ಕೆ ಅದು ಸುಲಭವಾಗಿ ಜಗ್ಗುವುದಿಲ್ಲ. ಅದಿರಿನ ಕಣಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡರೂ ಕಷ್ಟ, ಒಳಗಿನ ಗಂಧಕಕ್ಕೆ ಗಾಳಿ ಮುಟ್ಟುವುದೇ ಇಲ್ಲ. ಬಾಣಲೆಯಲ್ಲಿ ರವೆ ಹುರಿಯುವವರು ಕೈಯಾಡಿಸುತ್ತಲೇ ಇರುವಂತೆ, ಕಾರ್ಖಾನೆಯಲ್ಲಿ ಕೆಳಗಿನಿಂದ ಗಾಳಿಯನ್ನು ರಭಸದಿಂದ ಬಿಟ್ಟು ಪುಡಿ ಅದಿರನ್ನು ತೇಲಿಸುತ್ತಾ ಹುರಿಯುತ್ತಾರೆ.

ತಾಮ್ರದ ಅದಿರಿನಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಚಾಲ್ಕೊಪೈರೈಟಿನಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಇವೆ. ಅದನ್ನು ಪೂರ್ತಿ ಹುರಿಯುವುದಿಲ್ಲ. ಅರೆಬರೆ ಹುರಿದು, ಮರಳು ಸೇರಿಸಿ ಕರಗಿಸಿದರೆ ಕಬ್ಬಿಣ ಮೊದಲು ಆಕ್ಸೈಡ್ ಆಗಿ ಮರಳಿನೊಂದಿಗೆ ಕಿಟ್ಟವಾಗಿ ತೇಲುತ್ತದೆ. ತಾಮ್ರ ಗಂಧಕದ ಜೊತೆಯಲ್ಲಿಯೇ ಕೆಳಗೆ ಉಳಿಯುತ್ತದೆ. ಆಮೇಲೆ ಗಾಳಿ ಊದಿದಾಗ ಸ್ವಲ್ಪ ತಾಮ್ರ ಆಕ್ಸೈಡ್ ಆಗಿ, ಉಳಿದ ಸಲ್ಫೈಡಿನೊಂದಿಗೆ ತಾನೇ ವರ್ತಿಸಿ ಲೋಹ ಕೊಡುತ್ತದೆ. ಇಂಗಾಲವೇ ಬೇಡ. ಅನಿಲ ಗುಳ್ಳೆಗುಳ್ಳೆಯಾಗಿ ಹೊರಟದ್ದರಿಂದ ತಣಿದ ತಾಮ್ರದ ಮೈ ಬೊಕ್ಕೆ ಎದ್ದಂತೆ ಕಾಣುತ್ತದೆ. ಪಾದರಸ ಎಲ್ಲಕ್ಕಿಂತ ಸುಲಭ. ಅದರ ಸಲ್ಫೈಡ್ ಅದಿರಾದ ಇಂಗಲೀಕವನ್ನು ಗಾಳಿಯಲ್ಲಿ ಕಾಸಿದರೆ ನೇರವಾಗಿ ಲೋಹದ ಆವಿಯೇ ಹೊರಡುತ್ತದೆ. ಆ ಆವಿ ವಿಷ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಒಂದೇ ಲೋಹ, ಎರಡು ಅದಿರು: ಸತುವಿನ ದಾರಿ

ಕಾಸುವುದೋ ಹುರಿಯುವುದೋ ಎಂಬ ಗೊಂದಲ ಬಿಡಿಸಲು ಸತುವಿನಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕ್ಯಾಲಮೈನ್ ಸಿಕ್ಕಿದರೆ ಕಾಸಬೇಕು, ಜಿಂಕ್ ಬ್ಲೆಂಡ್ ಸಿಕ್ಕಿದರೆ ಹುರಿಯಬೇಕು. ಎರಡೂ ದಾರಿಗಳು ಒಂದೇ ಬಿಳಿ ಆಕ್ಸೈಡಿಗೆ ಬಂದು ಸೇರುತ್ತವೆ. ಲೋಹದ ಹೆಸರು ನೋಡಿ ಬೆಂಕಿ ಆರಿಸಬಾರದು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಸೇರಿದ ಮೇಲೆ ಹೊಸ ತೊಡಕು ಶುರುವಾಗುತ್ತದೆ. ಸತುವಿನ ಆಕ್ಸೈಡಿನಿಂದ ಇಂಗಾಲ ಆಮ್ಲಜನಕವನ್ನು ಕಿತ್ತುಕೊಳ್ಳಬೇಕಾದರೆ ಸುಮಾರು 1,000 ಡಿಗ್ರಿ ಶಾಖ ಬೇಕು. ಸತುವು ಕುದಿಯುವುದು 907 ಡಿಗ್ರಿಯಲ್ಲಿ. ಅಂದರೆ ಲೋಹ ಹುಟ್ಟುವಾಗಲೇ ಆವಿ. ತೆರೆದ ಕುಲುಮೆಯಲ್ಲಿ ಆ ಆವಿ ಮೇಲಕ್ಕೇರಿ, ಗಾಳಿ ಸೋಕಿದ ಕ್ಷಣ ಮತ್ತೆ ಬಿಳಿ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಬೆಂಕಿ ಸಾಕಾಗಲಿಲ್ಲವೆಂದು ಇನ್ನಷ್ಟು ಊದಿದರೆ ಇನ್ನಷ್ಟು ಹಾರುತ್ತದೆ.

ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್‌ನವರು ಇದಕ್ಕೆ ಕಂಡುಕೊಂಡ ದಾರಿಯನ್ನು ಚಿತ್ರ ಬರೆದು ತೋರಿಸುವಾಗ ಪ್ರತಿ ವರ್ಷವೂ ನನಗೆ ಮೈ ಜುಮ್ಮೆನ್ನುತ್ತದೆ. ಬದನೆಕಾಯಿಯ ಆಕಾರದ ಮಣ್ಣಿನ ಪಾತ್ರೆಗಳಲ್ಲಿ ಹುರಿದ ಅದಿರನ್ನೂ ಇದ್ದಿಲು ಮೊದಲಾದುವನ್ನೂ ತುಂಬಿ, ಉದ್ದ ಕತ್ತನ್ನು ಜೋಡಿಸಿ, ಬಾಯಿ ಕೆಳಗಾಗಿ ನಿಲ್ಲಿಸುತ್ತಿದ್ದರು. ಒಂದು ಕುಲುಮೆಯಲ್ಲಿ ಅಂಥ 36 ಪಾತ್ರೆಗಳು. ಬೆಂಕಿ ಮೇಲಿನ ಅಂಕಣದಲ್ಲಿ, ತಂಪಾದ ಅಂಕಣ ಕೆಳಗೆ, ನಡುವೆ ತೂತುಗಳಿರುವ ಹಲಗೆ. ಸತುವಿನ ಆವಿ ಮೇಲೆ ಹೋಗಲು ದಾರಿಯಿಲ್ಲದೆ ಕತ್ತಿನ ಮೂಲಕ ಕೆಳಗಿಳಿದು, ತಣಿದು, ಹನಿಯಾಗಿ ಬೀಳುತ್ತಿತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಸತುವು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನಲ್ಲಿ ಅದಕ್ಕಿಂತ ಶತಮಾನಗಳ ಮೊದಲೇ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಶಾಖವನ್ನು ಆಳಿದ ಜನ ಅವರು.

ಇಂದು ಹೆಚ್ಚಿನ ಸತುವು ಬೇರೆ ದಾರಿಯಲ್ಲಿ ಬರುತ್ತದೆ: ಹುರಿದ ಅದಿರನ್ನು ಗಂಧಕಾಮ್ಲದಲ್ಲಿ ಕರಗಿಸಿ ವಿದ್ಯುತ್ ಹಾಯಿಸಿ ತೆಗೆಯುತ್ತಾರೆ. ಹುರಿಯುವಾಗ ಹಿಡಿದ ಗಂಧಕವೇ ಕರಗಿಸುವ ಆಮ್ಲವಾಗಿ ಮರಳಿ ಬರುತ್ತದೆ. ಬಿಡಿಸಿದ ಲೋಹ ಶುದ್ಧವಾಗಿರುತ್ತದೆ. ವಿದ್ಯುತ್ ಅಗ್ಗವಾಗಿ ಸಿಗುವಲ್ಲಿ ನಾನಾದರೂ ಇದನ್ನೇ ಆರಿಸುತ್ತೇನೆ.

ಆಮ್ಲಜನಕವೊಂದೇ ಉಳಿದಾಗ: ಇದ್ದಿಲು, ಕೋಕ್

ಬಳ್ಳಾರಿ, ಹೊಸಪೇಟೆಯ ಕಡೆಯ ಕೆಂಪು ಅದಿರು ಲಾರಿಗಳಲ್ಲಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರದ ಬಂದರುಗಳಿಗೆ ಬರುತ್ತಿದ್ದ ದಿನಗಳನ್ನು ಅಂಕೋಲೆಯವರು ಮರೆತಿಲ್ಲ. ರಸ್ತೆಬದಿಯ ಗಿಡಗಳ ಎಲೆಗಳೂ ಕೆಂಪಾಗಿದ್ದವು. ಆ ಅದಿರನ್ನು ಯಾರೂ ಕಾಸಿಯೋ ಹುರಿದೋ ಹಡಗಿಗೆ ತುಂಬುತ್ತಿರಲಿಲ್ಲ. ಆ ಕೆಂಪು ಅದಿರು, ಹೆಮಟೈಟ್, ಆಗಲೇ ಆಕ್ಸೈಡ್, ಶುದ್ಧವಾಗಿದ್ದರೆ ಅದರ ತೂಕದಲ್ಲಿ ನೂರಕ್ಕೆ 70 ಭಾಗ ಕಬ್ಬಿಣವೇ. ಮೊದಲಿನ ಎರಡು ಹೆಜ್ಜೆಗಳನ್ನು ಭೂಮಿಯೇ ಮುಗಿಸಿ ಕೊಟ್ಟಿದೆ.

ಆದರೂ ಬೆಂಕಿ ಏಕೆ ಬೇಕು? ಇಂಗಾಲ ತಣ್ಣಗಿರುವಾಗ ದುರ್ಬಲ. ಶಾಖ ಏರಿದಷ್ಟೂ ಲೋಹಗಳು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಪಟ್ಟು ಸಡಿಲವಾಗುತ್ತದೆ, ಇಂಗಾಲ ಕಾರ್ಬನ್ ಮಾನಾಕ್ಸೈಡ್ ಆಗಿ ಅದನ್ನು ಸೆಳೆದುಕೊಳ್ಳುವ ಬಲ ಹೆಚ್ಚುತ್ತದೆ. ಪ್ರತಿ ಲೋಹಕ್ಕೂ ಒಂದು ಶಾಖವಿದೆ. ಅದಕ್ಕಿಂತ ಕೆಳಗೆ ಲೋಹ ಗೆಲ್ಲುತ್ತದೆ, ಮೇಲೆ ಇಂಗಾಲ ಗೆಲ್ಲುತ್ತದೆ. ಕಬ್ಬಿಣಕ್ಕೆ ಅದು 700 ಡಿಗ್ರಿಯ ಆಸುಪಾಸು, ಸತುವಿಗೆ ಸಾವಿರದ ಹತ್ತಿರ, ಮ್ಯಾಂಗನೀಸಿಗೆ ಸುಮಾರು 1,400. ಅಲ್ಯುಮಿನಿಯಮ್ಮಿಗೆ 2,000ವನ್ನೂ ದಾಟುತ್ತದೆ. ಎಲಿಂಗಮ್ ಎಂಬ ವಿಜ್ಞಾನಿ 1944ರಲ್ಲಿ ಇದನ್ನೆಲ್ಲ ಒಂದೇ ನಕ್ಷೆಯಲ್ಲಿ ಗೆರೆಗಳಾಗಿ ಎಳೆದು ತೋರಿಸಿದರು. ಪಿಯುಸಿಗೆ ಹೋಗುವ ಮಕ್ಕಳಿಗೆ ನಾನು ಆ ನಕ್ಷೆಯನ್ನು ಮೊದಲೇ ಪರಿಚಯಿಸುತ್ತೇನೆ, ಏಕೆಂದರೆ ಕುಲುಮೆ ಆರಿಸುವವರ ಪಂಚಾಂಗ ಅದು.

ಕಬ್ಬಿಣಕ್ಕೆ 700 ಡಿಗ್ರಿ ಸಾಕೆಂದಾದರೆ ಊದುಕುಲುಮೆಯ ತಳದಲ್ಲಿ 2,000 ಡಿಗ್ರಿಯವರೆಗೂ ಏಕೆ ಕಾಯಿಸುತ್ತಾರೆ? ಬೇರ್ಪಡಿಸಲು. ಲೋಹವೂ ಕರಗಬೇಕು, ಕಲ್ಲುಮಣ್ಣೂ ಕರಗಬೇಕು, ಎರಡೂ ಬೇರೆ ಬೇರೆ ಪದರವಾಗಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರಿಗೆ ಇದು ಹೊಸದಲ್ಲ. ಕಬ್ಬಿನ ಹಾಲು ಕುದಿಯುವಾಗ ಸ್ವಲ್ಪ ಸುಣ್ಣ ಹಾಕುತ್ತಾರೆ, ಕೊಳೆ ನೊರೆಯಾಗಿ ಮೇಲೇಳುತ್ತದೆ, ಅದನ್ನು ತೆಗೆದು ಚೆಲ್ಲುತ್ತಾರೆ. ಕುಲುಮೆಗೆ ಸುಣ್ಣದ ಕಲ್ಲು ಹಾಕುವುದೂ ಇಂಥದೇ ಕೆಲಸಕ್ಕೆ. ಒಳಗಿನ ಶಾಖದಲ್ಲಿ ಅದು ಮೊದಲು ಅಘನಾಶಿನಿಯ ಚಿಪ್ಪಿನಂತೆಯೇ ಕಾಸಿ ಸುಣ್ಣವಾಗುತ್ತದೆ, ಆಮೇಲೆ ಅದಿರಿನ ಮರಳಿನೊಂದಿಗೆ ಕೂಡಿ ಕಿಟ್ಟವಾಗಿ ಕರಗಿದ ಕಬ್ಬಿಣದ ಮೇಲೆ ತೇಲುತ್ತದೆ.

ಇಲ್ಲಿ ಆರಿಸಿಕೊಳ್ಳಲು ಎರಡು ದಾರಿಗಳಿವೆ. ಊದುಕುಲುಮೆ ಕಿಟ್ಟವನ್ನು ಬೇರ್ಪಡಿಸಿ ಕೊಡುತ್ತದೆ, ಹಗಲುರಾತ್ರಿ ನಡೆಯುತ್ತದೆ. ಆದರೆ ಅದಕ್ಕೆ ಭಾರ ತಡೆಯುವ ಗಟ್ಟಿ ಕೋಕ್ (ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಸಿ ಮಾಡಿದ ಇಂಧನ) ಬೇಕು. ಹೊರಬರುವ ಕಬ್ಬಿಣ ನೂರಕ್ಕೆ ನಾಲ್ಕರಷ್ಟು ಇಂಗಾಲ ಹೀರಿಕೊಂಡು ಪೆಡಸಾಗಿರುತ್ತದೆ, ಆ ಇಂಗಾಲವನ್ನು ಮತ್ತೆ ಸುಟ್ಟು ತೆಗೆಯಬೇಕು. ಇನ್ನೊಂದು ಸ್ಪಾಂಜ್ ಕಬ್ಬಿಣದ ದಾರಿ, ಬಳ್ಳಾರಿ, ಕೊಪ್ಪಳದ ಕಡೆ ಇಂಥ ಗೂಡುಗಳು ಹಲವಿವೆ. ಸುಮಾರು 1,000 ಡಿಗ್ರಿಯಲ್ಲಿ, ಏನನ್ನೂ ಕರಗಿಸದೆ, ಸಾಮಾನ್ಯ ಕಲ್ಲಿದ್ದಲಿನಿಂದಲೇ ಆಮ್ಲಜನಕ ತೆಗೆಯುತ್ತಾರೆ. ಕೋಕ್ ಬೇಡ, ಘಟಕ ಚಿಕ್ಕದಾದರೂ ನಡೆಯುತ್ತದೆ. ಆದರೆ ಕರಗಿಸದ ಕಾರಣ ಅದಿರಿನ ಮಣ್ಣು ಒಳಗೇ ಉಳಿಯುತ್ತದೆ. ಆದ್ದರಿಂದ ಒಳ್ಳೆಯ ಅದಿರಿದ್ದರೆ ಮಾತ್ರ ಈ ದಾರಿ ಹಿಡಿಯಬೇಕು. ಹಿಂದಿನ ಕಾಲದ ಕಮ್ಮಾರರು ಇದ್ದಿಲಿನ ಸಣ್ಣ ಕುಲುಮೆಯಲ್ಲಿ ತೆಗೆಯುತ್ತಿದ್ದುದೂ ಹೀಗೆ ಕರಗದ ಕಬ್ಬಿಣದ ಮುದ್ದೆಯನ್ನೇ. ಕಿಟ್ಟವನ್ನು ಸುತ್ತಿಗೆಯಿಂದ ಬಡಿದು ಹಿಂಡುತ್ತಿದ್ದರು.

ಕೋಕ್ ಸಿಗದ ಕಡೆ ಏನು ಮಾಡಬೇಕು ಎಂಬುದಕ್ಕೆ ನಮ್ಮ ರಾಜ್ಯದ ಉತ್ತರ ಭದ್ರಾವತಿ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಎದ್ದು 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸಿತು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ, ಕಬ್ಬಿಣ ಶುದ್ಧವಾಗಿ ಬರುತ್ತದೆ. ಬೆಲೆ ತೆತ್ತದ್ದು ಕಾಡು.

ವಿದ್ಯುತ್: ಬೆಂಕಿಯಾಗಿ, ಕತ್ತರಿಯಾಗಿ

ಮ್ಯಾಂಗನೀಸ್ ನಮ್ಮ ಜಿಲ್ಲೆಯದೇ ವಿಷಯ. ಜೋಯಿಡಾ ಕಡೆಯ ಕಾಡುಗಳಲ್ಲಿ ಅದರ ಗಣಿಗಳಿದ್ದವು, ದಾಂಡೇಲಿಯ ಹಿರಿಯರಿಗೆ ಅಲ್ಲಿನ ಫೆರೋ ಮ್ಯಾಂಗನೀಸ್ (ಕಬ್ಬಿಣ ಬೆರೆತ ಮ್ಯಾಂಗನೀಸ್) ಕಾರ್ಖಾನೆ ನೆನಪಿದೆ. ಮ್ಯಾಂಗನೀಸಿನ ಕಪ್ಪು ಡೈಆಕ್ಸೈಡನ್ನು ಬರೀ ಕಾಸಿದರೂ ಸ್ವಲ್ಪ ಆಮ್ಲಜನಕ ತಾನಾಗಿ ಹೋಗುತ್ತದೆ, ಆದರೆ ಕೊನೆಯ ಪಾಲು ಬಿಡಲು 1,400 ಡಿಗ್ರಿ ಕೇಳುತ್ತದೆ. ಅಷ್ಟು ಶಾಖ ಕೊಡಲು ವಿದ್ಯುತ್ ಕುಲುಮೆ ಅನುಕೂಲ. ಅಲ್ಲಿ ವಿದ್ಯುತ್ತು ಬೆಂಕಿಯ ಕೆಲಸ ಮಾಡುತ್ತದೆ, ಆಮ್ಲಜನಕವನ್ನು ಒಯ್ಯುವುದು ಕೋಕ್.

ಅಲ್ಯುಮಿನಿಯಮ್ಮಿನಲ್ಲಿ ವಿದ್ಯುತ್ತೇ ಕತ್ತರಿ. ಅಲ್ಲಿ ಇಂಗಾಲದಿಂದ ಬಿಡಿಸಲು ಹೋದರೆ ಶಾಖ 2,000 ಡಿಗ್ರಿ ದಾಟಬೇಕು, ದಾಟಿದರೂ ಲೋಹ ಇಂಗಾಲದೊಂದಿಗೆ ಕೂಡಿ ಕಾರ್ಬೈಡ್ ಆಗುತ್ತದೆ. ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ 1886ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ದಾರಿಯೇ ಇಂದಿಗೂ ನಡೆಯುತ್ತಿದೆ: ಅಲ್ಯುಮಿನಾವನ್ನು, ಅಂದರೆ ಅಲ್ಯುಮಿನಿಯಮ್ಮಿನ ಆಕ್ಸೈಡನ್ನು, ಕರಗಿದ ಕ್ರಯೋಲೈಟ್ ಎಂಬ ಖನಿಜದಲ್ಲಿ ಸುಮಾರು 950 ಡಿಗ್ರಿಯಲ್ಲಿ ಕರಗಿಸಿ ವಿದ್ಯುತ್ ಹಾಯಿಸುವುದು. ಆ ಅಲ್ಯುಮಿನಾ ಸಿದ್ಧವಾಗುವಲ್ಲಿ ಮಾತ್ರ ಕಾಸುವಿಕೆ ಮತ್ತೆ ಬರುತ್ತದೆ. ಬೆಳಗಾವಿಯಂಥ ಕಡೆ ಅಲ್ಯುಮಿನಿಯಮ್ಮಿನ ಅದಿರಾದ ಬಾಕ್ಸೈಟಿನಿಂದ ತೆಗೆದ ಹೈಡ್ರಾಕ್ಸೈಡನ್ನು 1,000 ಡಿಗ್ರಿ ಮೇಲ್ಪಟ್ಟು ಕಾಸಿ ನೀರು ಓಡಿಸುತ್ತಾರೆ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೂಕ ಇಳಿಯುತ್ತದೆ.

ಬೆಂಕಿಯೇ ಬೇಡವಾದದ್ದೂ ಉಂಟು. ಹಟ್ಟಿಯ ಚಿನ್ನ ಕಲ್ಲಿನೊಳಗೆ ಲೋಹವಾಗಿಯೇ ಇದೆ, ಅದನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಾರೆ. ಚಿನ್ನದ ಕಣಗಳು ಸಲ್ಫೈಡಿನೊಳಗೆ ಹುದುಗಿ ದ್ರಾವಣಕ್ಕೆ ಸಿಗದಿದ್ದರೆ ಮಾತ್ರ ಮೊದಲು ಹುರಿದು ಬಿಡಿಸುವ ಕ್ರಮವಿದೆ.

ಮತ್ತೆ ಆ ಚಿರೆಕಲ್ಲು

ಹುಡುಗನ ಕಲ್ಲಿಗೆ ಮರಳಿ ಬರುತ್ತೇನೆ. ಚಿರೆಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಎರಡೂ ನೀರು ಕಟ್ಟಿಕೊಂಡ ಆಕ್ಸೈಡುಗಳಾಗಿವೆ, ಜೊತೆಗೆ ಜೇಡಿ, ಮರಳು. ಗಂಧಕವಿಲ್ಲ, ಹುರಿಯಬೇಕಾಗಿಲ್ಲ. ಕಾಸಿದರೆ ನೀರು ಹೋಗುತ್ತದೆ. ಇದ್ದಿಲು ಸೇರಿಸಿದರೆ ಕಬ್ಬಿಣದ ಕಡೆ ಏನಾದರೂ ನಡೆಯಬಹುದು, ಅಲ್ಯುಮಿನಿಯಮ್ಮಿನ ಆಕ್ಸೈಡ್ ಮಾತ್ರ ಜಗ್ಗುವುದಿಲ್ಲ. ಗೋಡೆ ಕಟ್ಟಲು ಒಳ್ಳೆಯ ಕಲ್ಲು, ಕಬ್ಬಿಣ ತೆಗೆಯಲು ಬಡ ಅದಿರು. ಇಷ್ಟನ್ನು ಬಾಯಲ್ಲಿ ಹೇಳಿ ಮುಗಿಸಬಹುದಿತ್ತು. ನಾನು ಊರಿನ ಆಚಾರಿಯವರ ಕುಲುಮೆಯಲ್ಲಿ ಅರ್ಧ ದಿನದ ಜಾಗ ಕೇಳಿದೆ.

ಕಲ್ಲನ್ನು ಕುಟ್ಟಿ ಜರಡಿ ಹಿಡಿದು ಎರಡು ಪಾಲು ಮಾಡಿದೆವು. ಒಂದು ಪಾಲನ್ನು ತೆರೆದ ಕಬ್ಬಿಣದ ಬಾಣಲೆಯಲ್ಲಿ ಹಾಗೆಯೇ ಇಟ್ಟೆವು. ಇನ್ನೊಂದಕ್ಕೆ ಇದ್ದಿಲಿನ ಪುಡಿ ಬೆರೆಸಿ ತಗಡಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು ಕೆಂಡದ ನಡುವೆ ಹುಗಿದೆವು. ಆಚಾರಿಯವರು ತಿದಿಯನ್ನು ಮೆಲ್ಲಗೆ ಒತ್ತುತ್ತಿದ್ದರು, ಡಬ್ಬಿ ಮಂಕು ಕೆಂಪಿಗಿಂತ ಹೆಚ್ಚು ಬೆಳಗದಂತೆ. ಗಂಟೆಯ ಮೇಲಾಯಿತು. “ಈಗ ತೆಗೆಯೋಣವೇ ಅಕ್ಕೋರೇ?” ಎಂದು ಹುಡುಗ ಐದಾರು ಸಲ ಕೇಳಿದ. ಬಿಸಿಯಿರುವಾಗ ತೆರೆದರೆ ಗಾಳಿಯ ಆಮ್ಲಜನಕ ಮತ್ತೆ ಒಳಗೆ ಹೋಗುತ್ತದೆ, ತಣಿಯಲಿ ಎಂದೆ. ಡಬ್ಬಿಯನ್ನು ಹೊರತೆಗೆದು, ತೂತಿಗೆ ಹಸಿ ಜೇಡಿ ಮೆತ್ತಿ ಮರಳಿನಲ್ಲಿ ಇಟ್ಟು, ಊಟ ಮುಗಿಸಿ ಬಂದೆವು.

ಬಾಣಲೆಯ ಪುಡಿ ಮೊದಲಿಗಿಂತ ಗಾಢ ಕೆಂಪಾಗಿತ್ತು. ಅದರ ಮೇಲೆ ಆಯಸ್ಕಾಂತ ಆಡಿಸಿದರೆ ಅಲ್ಲೊಂದು ಇಲ್ಲೊಂದು ಕಣ ಅಂಟಿತು, ಅಷ್ಟೇ. ಡಬ್ಬಿಯೊಳಗಿನದು ಕಪ್ಪಾಗಿತ್ತು. ಹುಡುಗ ಆಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಹತ್ತಿರ ತಂದ ಕೂಡಲೇ ಪುಡಿ ಎದ್ದು ನಿಂತು, ಮುಳ್ಳುಹಂದಿಯ ಮೈಯಂತೆ ಕಾಗದದ ತುಂಬ ಅಂಟಿಕೊಂಡಿತು. ಒಂದೇ ಕಲ್ಲು, ಒಂದೇ ಕುಲುಮೆ.

“ಕಬ್ಬಿಣ ಬಂತು!” ಎಂದು ಕೂಗಿದ. ಇನ್ನೂ ಬಂದಿಲ್ಲ, ಇದು ಮ್ಯಾಗ್ನೆಟೈಟ್, ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ಇಂಗಾಲ ಆಮ್ಲಜನಕದ ಒಂದು ಸಣ್ಣ ಪಾಲನ್ನು ಮಾತ್ರ ಒಯ್ದಿದೆ ಎಂದೆ. ಬಡ ಅದಿರನ್ನು ಹೀಗೆ ಆಯಸ್ಕಾಂತಕ್ಕೆ ಸಿಗುವಂತೆ ಮಾಡಿ ಮಣ್ಣಿನಿಂದ ಬೇರ್ಪಡಿಸುವುದೂ ಕಾರ್ಖಾನೆಗಳಿಗೆ ಗೊತ್ತಿರುವ ಒಂದು ದಾರಿಯೇ ಎಂದೂ ಹೇಳಿದೆ. ಅವನು ಕಪ್ಪು ಪುಡಿಯನ್ನು ಕಾಗದದಿಂದ ಜೋಪಾನವಾಗಿ ಬಿಡಿಸಿ ಪೊಟ್ಟಣ ಕಟ್ಟಿದ. ಆಮೇಲೆ ಆಚಾರಿಯವರ ಕಡೆ ತಿರುಗಿ, ಇದೇ ಪುಡಿಗೆ ಇನ್ನಷ್ಟು ಇದ್ದಿಲು ಹಾಕಿದರೆ ನಿಮ್ಮ ತಿದಿ 1,000 ಡಿಗ್ರಿಯವರೆಗೆ ಊದಬಲ್ಲದೇ ಎಂದು ಕೇಳಿದ. ಅವರು ಕುಲುಮೆಯ ಬಾಯಿಯನ್ನು ನೋಡಿ, ಮುಂದಿನ ಅಮಾವಾಸ್ಯೆಗೆ ಕೆಲಸಕ್ಕೆ ರಜೆ, ಅಂದು ಬಾ ಎಂದರು.